ಕೊಡಗಿನಲ್ಲಿ ಕೂತು ಹಡಗಿನ ಮಾತು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಅಂಕಣಕ್ಕೆ ಸಾಮಾನ್ಯವಾಗಿ ಬರುವ ಪತ್ರಗಳು ಐನ್‌ಮನೆಯ ಕಂಬ, ಹಳೇ ನಾಣ್ಯ, ಅಜ್ಜನ ಕಾಲದ ಒಡಿಕತ್ತಿ ಇಂಥವುಗಳ ಬಗ್ಗೆ. ಹೋದ ತಿಂಗಳು ಮಾತಿಗೆ ಮಾತು ಬಂದು, ನಾನು ಇಪ್ಪತ್ತು ವರ್ಷದಿಂದ ಹಳೇ ಹಡಗು, ದೋಣಿ ಕಟ್ಟುವ ಕಸುಬು ಅಂತ ಹುಡುಕಿಕೊಂಡು ತಿರುಗುತ್ತಿದ್ದೇನೆ ಎಂದು, ಮೊಳೆಯಿಲ್ಲದೆ ಹಗ್ಗದಲ್ಲಿ ಹೊಲಿದ ಹಡಗಿನ ಮಾತೂ ಸೇರಿಸಿ, ಒಂದೆರಡು ಸಾಲು ಬರೆದಿದ್ದೆ. ಅಷ್ಟಕ್ಕೇ ಸಂಪಾದಕರ ಮೇಜಿನ ಮೇಲೆ ಪತ್ರಗಳ ರಾಶಿ. ಮೊದಲೇ ಹೇಳಿಬಿಡುತ್ತೇನೆ, ನಾನು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ಪ್ರೊಫೆಸರ್ ಅಲ್ಲ.

ವಿರಾಜಪೇಟೆಯಿಂದ ಒಬ್ಬರು:
"ಸರ್, ನನಗೆ 26 ವರ್ಷ. ಬಿ.ಕಾಂ. ಓದಿ ಸಹಕಾರ ಸಂಘದಲ್ಲಿ ಕೆಲಸ ಮಾಡುತ್ತಿದ್ದೇನೆ. ಚಿಕ್ಕಂದಿನಿಂದ ಹಡಗು ಅಂದರೆ ಹುಚ್ಚು. ಆದರೆ ಕೊಡಗಿನಲ್ಲಿ ಸಮುದ್ರವಿಲ್ಲ, ನನ್ನ ಹತ್ತಿರ ಇತಿಹಾಸದ ಡಿಗ್ರಿ ಇಲ್ಲ. ಹಳೇ ಹಡಗುಗಳ ಅಧ್ಯಯನವನ್ನು ಸ್ವಂತವಾಗಿ ಮಾಡಬಹುದಾ? ಎಲ್ಲಿಂದ ಶುರು ಮಾಡಲಿ?"

ವಿರಾಜಪೇಟೆಯಲ್ಲಿ ಬೆಳಗಿನ ಬಸ್ ಹತ್ತಿ, ಮಾಕುಟ್ಟ ಘಾಟಿ ಇಳಿದು, ಇರಿಟ್ಟಿ ದಾಟಿದರೆ ಮಧ್ಯಾಹ್ನದ ಊಟಕ್ಕೆ ನೀವು ತಲಶ್ಶೇರಿಯ ಕಡಲ ದಂಡೆಯಲ್ಲಿರುತ್ತೀರಿ. ನಮ್ಮ ಬಾರಪೊಳೆಯ ನೀರು ಸೇರುವುದೂ ಅದೇ ಕಡಲನ್ನು. ಹಿಂದೆ ನಮ್ಮವರು ಎತ್ತಿನ ಬೆನ್ನ ಮೇಲೆ ಅಕ್ಕಿ, ಏಲಕ್ಕಿ ಹೇರಿಕೊಂಡು ಘಾಟಿ ಇಳಿದು ಉಪ್ಪು, ಒಣಮೀನು ಹೇರಿಕೊಂಡು ಹತ್ತಿ ಬರುತ್ತಿದ್ದರು. ಪಯ್ಯಾವೂರಿನ ಶಿವ ದೇವಸ್ಥಾನದ ಊಟು ಉತ್ಸವಕ್ಕೆ ಈಗಲೂ ಕೊಡಗಿನಿಂದ ಎತ್ತಿನ ಮೇಲೆ ಅಕ್ಕಿ ಹೋಗುತ್ತದೆ ಅಲ್ವಾ? ಕಡಲಿನ ನಂಟು ನಮಗೆ ಹೊಸದಲ್ಲ.

ಡಿಗ್ರಿ ವಿಷಯಕ್ಕೆ ಒಂದು ಕತೆ ಹೇಳುತ್ತೇನೆ. 1954ರಲ್ಲಿ ಈಜಿಪ್ಟಿನ ಗೀಜಾದಲ್ಲಿ, ದೊಡ್ಡ ಪಿರಮಿಡ್ಡಿನ ಬುಡದಲ್ಲಿ, ಕಲ್ಲುಚಪ್ಪಡಿ ಮುಚ್ಚಿದ ಒಂದು ಹೊಂಡ ಸಿಕ್ಕಿತು. ಒಳಗಿದ್ದದ್ದು ಖುಫು ದೊರೆಯ ಹಡಗು. ಆದರೆ ಬಿಚ್ಚಿ ಪೇರಿಸಿಟ್ಟದ್ದು, ಒಟ್ಟು 1,224 ತುಂಡು. ವಯಸ್ಸು ಸುಮಾರು 4,500 ವರ್ಷ. ಅದನ್ನು ಮತ್ತೆ ಕೂಡಿಸುವ ಕೆಲಸ ಬಿದ್ದದ್ದು ಅಹ್ಮದ್ ಯೂಸುಫ್ ಎಂಬವರ ಮೇಲೆ. ಹಳೇ ವಸ್ತು ರಿಪೇರಿ ಮಾಡುವುದರಲ್ಲಿ ಎತ್ತಿದ ಕೈ ಅವರದು, ಹಡಗಿನ ಗಂಧಗಾಳಿ ಮಾತ್ರ ಇರಲಿಲ್ಲ. ಅವರು ಏನು ಮಾಡಿದರು ಗೊತ್ತಾ? ಸೀದಾ ನೈಲ್ ದಂಡೆಯ ದೋಣಿ ಕಟ್ಟುವವರ ಹತ್ತಿರ ಹೋಗಿ ಕೂತರು. ಹಲಗೆ ಹೇಗೆ ಬಗ್ಗಿಸುತ್ತಾರೆ, ಯಾವುದನ್ನು ಮೊದಲು ಹಿಡಿಸುತ್ತಾರೆ ಅಂತ ನೋಡಿ ಕಲಿತು ಬಂದರು. ಹತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು, ಆದರೆ 43 ಮೀಟರ್ ಉದ್ದದ ಹಡಗು ಎದ್ದು ನಿಂತಿತು. ಹಗ್ಗದಿಂದಲೇ ಬಿಗಿದ ಹಡಗು ಅದು.

ಇನ್ನೊಬ್ಬರು ಜೇಮ್ಸ್ ಹಾರ್ನೆಲ್. ಮದ್ರಾಸ್ ಸರ್ಕಾರದ ಮೀನುಗಾರಿಕೆ ಇಲಾಖೆಯವರು, ಶಂಖ, ಮುತ್ತು, ಸಿಂಪಿ ನೋಡಿಕೊಳ್ಳುವುದು ಅವರ ನೌಕರಿ. ಕಡಲ ದಂಡೆಯಲ್ಲಿ ಹೇಗೂ ಓಡಾಡಬೇಕಿತ್ತಲ್ಲ, ಕಂಡ ಕಂಡ ದೋಣಿಯನ್ನೆಲ್ಲ ನೋಡಿ ಬರೆದಿಟ್ಟರು. 1920ರಲ್ಲಿ ಅಚ್ಚಾದ ಅವರ ಬರಹವನ್ನು ಇವತ್ತಿಗೂ ಭಾರತದ ದೋಣಿಗಳ ಬಗ್ಗೆ ಕೆಲಸ ಮಾಡುವವರು ಪಕ್ಕಕ್ಕಿಡುವ ಹಾಗಿಲ್ಲ. ಹಾಗಾಗಿ ಸಹಕಾರ ಸಂಘದ ನೌಕರಿ ಬಿಡಬೇಡಿ, ಭಾನುವಾರ ಸಾಕು.

ಶುರು ಮಾಡುವುದು ಒಂದೇ ಒಂದು ದೋಣಿಯಿಂದ. ಮುಳುಗಿದ ಹಡಗಿನ ನಿಧಿ, ರೋಮನ್ ಚಿನ್ನ ಅಂತೆಲ್ಲ ಈಗಲೇ ಬೇಡ. ದಂಡೆಯ ಮೇಲೆ ಕವುಚಿ ಹಾಕಿದ ಒಂದು ಹಳೇ ಮರದ ದೋಣಿ ಹುಡುಕಿ, ಯಜಮಾನನ ಒಪ್ಪಿಗೆ ಕೇಳಿ, ಅದನ್ನು ನೆಟ್ಟಗೆ ಕೂರಿಸಿ ಅಳೆಯಿರಿ. ಮೂತಿಯಿಂದ ಹಿಂಬದಿಯವರೆಗೆ ಒಂದು ದಾರ ಬಿಗಿಯಾಗಿ ಎಳೆದು ಕಟ್ಟಬೇಕು. ಗಾರೆ ಕೆಲಸದವರ ಹತ್ತಿರ ಮಟ್ಟ ನೋಡುವ ನೀರಿನ ಪೈಪ್ ಇರುತ್ತದಲ್ಲ, ಅದನ್ನೇ ಇಟ್ಟು ದಾರ ಮಟ್ಟವಾಗಿದೆಯಾ ನೋಡಿ. ಅಡಿಗೊಂದು ಗುರುತು ಹಾಕಿ, ಪ್ರತಿ ಗುರುತಿನಲ್ಲೂ ತೂಗುಗುಂಡು ಇಳಿಬಿಟ್ಟು ತಳಕ್ಕೆ ಎಷ್ಟು, ಬಲ ಪಕ್ಕಕ್ಕೆ ಎಷ್ಟು, ಎಡ ಪಕ್ಕಕ್ಕೆ ಎಷ್ಟು ಎಂದು ಬರೆದುಕೊಳ್ಳಿ. ಎರಡೂ ಕಡೆ ಒಂದೇ ಇರುತ್ತದೆ ಬಿಡು ಎಂದು ಒಂದೇ ಕಡೆ ಅಳೆದು ಸುಮ್ಮನಾಗಬೇಡಿ. ಕೈಯಲ್ಲಿ ಕಟ್ಟಿದ ಯಾವ ದೋಣಿಯೂ ಎರಡು ಕಡೆ ಒಂದೇ ಸಮ ಇರಲ್ಲ, ಆ ವ್ಯತ್ಯಾಸದಲ್ಲೇ ಮರ ಎಲ್ಲಿ ತಿರುಚಿತ್ತು, ಮೇಸ್ತ್ರಿ ಎಲ್ಲಿ ಸರಿಮಾಡಿಕೊಂಡ ಎಂಬುದು ಗೊತ್ತಾಗುತ್ತದೆ.

ನಾನು ಮಾಡಿದ ದಡ್ಡತನ ಒಂದು ಹೇಳುತ್ತೇನೆ. ಮೊದಲ ಸಲ ಕೇರಳದ ಬೇಪೂರಿಗೆ ಹೋಗಿದ್ದೆ, ಚಾಲಿಯಾರ್ ಹೊಳೆ ಕಡಲು ಸೇರುವ ಜಾಗ, ಉರು ಎಂಬ ದೊಡ್ಡ ಮರದ ಹಡಗು ಕಟ್ಟುವ ಊರು. ಅಲ್ಲಿ ಹಳೇ ಪದ್ಧತಿಯಲ್ಲಿ ನಕ್ಷೆ ಅನ್ನುವುದಿಲ್ಲ. ಎಲ್ಲ ಮೇಸ್ತ್ರಿಯ ತಲೆಯಲ್ಲೇ. ನಾನು ಟೇಪು ಹಿಡಿದು ಸೆಂಟಿಮೀಟರಿನಲ್ಲಿ ಎಲ್ಲ ಬರೆದುಕೊಂಡು ಬಂದೆ. ಮನೆಗೆ ಬಂದು ನೋಡಿದರೆ 35, 73, 145 ಅಂತ ಅಡ್ಡಾದಿಡ್ಡಿ ಲೆಕ್ಕ. ಐವತ್ತು, ನೂರು ಅಂತ ಒಂದೂ ದುಂಡು ಸಂಖ್ಯೆಯಿಲ್ಲ, ನನ್ನ ಟೇಪೇ ಸರಿಯಿಲ್ಲವೇನೋ ಅಂದುಕೊಂಡೆ. ಎರಡನೇ ಸಲ ಹೋದಾಗ ಮೇಸ್ತ್ರಿಯ ಕೈಯಲ್ಲಿದ್ದ ಕೋಲು ಕಣ್ಣಿಗೆ ಬಿತ್ತು. ಅಲ್ಲಿನ ಒಂದು ಕೋಲು ಅಂದರೆ 24 ಅಂಗುಲ (ಇಂಚಲ್ಲ, ಅಲ್ಲಿನ ಹಳೇ ಅಂಗುಲ), ಸುಮಾರು 72 ಸೆಂಟಿಮೀಟರ್. ಅದರಲ್ಲಿ ಭಾಗಿಸಿದ ಕೂಡಲೇ ಅರ್ಧ ಕೋಲು, ಒಂದು ಕೋಲು, ಎರಡು ಕೋಲು ಅಂತ ಎಲ್ಲ ಸಾಲಾಗಿ ಕೂತುಬಿಟ್ಟವು. ಅವರ ಅಳತೆಯಲ್ಲಿ ಓದದೆ ಅವರ ಹಡಗು ಅರ್ಥವಾಗಲ್ಲ.

ಇನ್ನೊಂದು. ಅಲ್ಲಿನವರು ಮೊದಲ ದಿನ ನನ್ನ ಜೊತೆ ಸರಿಯಾಗಿ ಮಾತೇ ಆಡಲಿಲ್ಲ. ಕ್ಯಾಮೆರಾ ಹಿಡಿದು ಬರುವವರನ್ನು ದಿನಾ ನೋಡಿ ಬೇಸತ್ತಿದ್ದರು. ಕೊಡಗಿನವನು ಎಂದು ಗೊತ್ತಾದ ಮೇಲೆ ಮೇಸ್ತ್ರಿಯೇ ಬಂದು, "ನಿಮ್ಮಲ್ಲಿ ಹೆಬ್ಬಲಸಿನ ಮರಕ್ಕೆ ಒಂದು ಅಡಿಗೆ ಎಷ್ಟು ರೇಟು?" ಎಂದು ಕೇಳಿದರು. ಅಲ್ಲಿಂದ ಮಾತು ಹರಿಯಿತು ನೋಡಿ, ಸಂಜೆಯವರೆಗೂ ನಿಲ್ಲಲಿಲ್ಲ. ಪ್ರಶ್ನೆಪಟ್ಟಿ ಜೇಬಿನಲ್ಲೇ ಇರಲಿ. ಹಲಗೆಯ ಇನ್ನೊಂದು ತುದಿ ಹಿಡಿಯಲು ಯಾರಾದರೂ ಬೇಕಾಗುತ್ತದೆ, ಹಿಡಿಯಿರಿ.

ಓದುವುದಕ್ಕೆ ಈಗ ಮೊದಲಿನಷ್ಟು ಕಷ್ಟವಿಲ್ಲ. ಹಳೇ ಗೆಜೆಟಿಯರ್, ಶಾಸನ ಸಂಪುಟಗಳು (ಕರ್ನಾಟಕದ ಶಾಸನ ಸಂಪುಟಗಳಲ್ಲಿ ಮೊದಲನೆಯದೇ ಕೊಡಗಿನದು) ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಕೈರೋದ ಒಂದು ಯಹೂದಿ ಮಂದಿರದ ಕೋಣೆಯಲ್ಲಿ ಸಿಕ್ಕ ಹಳೇ ಕಾಗದಗಳಲ್ಲಿ, 12ನೇ ಶತಮಾನದಲ್ಲಿ ಮಂಗಳೂರಿನಲ್ಲಿದ್ದ ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿಯ ಪತ್ರಗಳಿವೆ. ಅವನ ಪರವಾಗಿ ಏಡನ್ನಿಗೆ ಹೋಗಿಬರುತ್ತಿದ್ದ ಆಳಿನ ಹೆಸರು ಬೊಮ್ಮ! ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು ಆ ಕಾಗದಗಳ ಕೆಲಸವನ್ನು ಎಲ್ಲರಿಗೂ ಕಾಣುವಂತೆ ಹಾಕಿದ್ದಾರೆ. ಮಳೆಗಾಲದ ಓದಿಗೆ ಅಷ್ಟು ಧಾರಾಳ.

ಕುಶಾಲನಗರದಿಂದ ಶಾಲೆಯ ಟೀಚರೊಬ್ಬರು:
"ಸರ್, ನಮ್ಮ ಮಕ್ಕಳು ಕಂಡದ್ದು ಕಾವೇರಿಯ ಹರಿಗೋಲು ಮಾತ್ರ. ಬುಟ್ಟಿಯಂಥ ಅದೂ ಹಡಗಿನ ಇತಿಹಾಸದಲ್ಲಿ ಬರುತ್ತಾ? ಪ್ರಾಜೆಕ್ಟ್ ಕೊಡೋಣ ಅಂತಿದ್ದೇನೆ."

ಟೀಚರ್, ಖಂಡಿತ ಕೊಡಿ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯಸ್ ಹರಿಗೋಲನ್ನು ನೋಡಿ ಬೆರಗಾಗಿ ಬರೆದಿದ್ದಾನೆ. ಬುಟ್ಟಿಯ ಹಾಗೆ ಗುಂಡಗೆ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಯುತ್ತಾರೆ, ಬೇಕಾದರೆ ಕುದುರೆ ಎತ್ತನ್ನೂ ದಾಟಿಸುತ್ತಾರೆ, ನೆಟ್ಟಗೆ ಹೋಗದೆ ತಿರುಗುತ್ತಲೇ ಇರುತ್ತದೆ ಅಂತ. 500 ವರ್ಷ ಕಳೆದರೂ ಬದಲಾದದ್ದು ಚರ್ಮ ಒಂದೇ. ಅದರ ಜಾಗಕ್ಕೆ ಪ್ಲಾಸ್ಟಿಕ್ ಚೀಲ, ಡಾಂಬರು ಬಂದಿದೆ. ಈಗ ಪ್ರವಾಸಿಗರಿಗೆ ಫೈಬರಿನದೂ ಬಂದಿದೆ. ಅದನ್ನು ಹರಿಗೋಲು ಅನ್ನಲು ನನಗೆ ಮನಸ್ಸಿಲ್ಲ, ದೊಡ್ಡ ಬೋಗುಣಿ ಅದು.

ಮಕ್ಕಳಿಗೆ ಒಂದು ಕೆಲಸ ಹೇಳಿ. ಹರಿಗೋಲು ನಿಜವಾಗಿ ಗುಂಡಗಿದೆಯಾ ಅಂತ ಅಳೆಯಲಿ. ನಾನು ಅಳೆದ ಒಂದು ಹರಿಗೋಲು ಒಂದು ಕಡೆಯಿಂದ ಆರಡಿ ಎಂಟಿಂಚು, ಅಡ್ಡಕ್ಕೆ ಆರಡಿ ಮೂರಿಂಚು ಇತ್ತು. ತಳದ ಬಿದಿರು ಸೀಳನ್ನು ಮೂರು ದಿಕ್ಕಿನಿಂದ ಹೆಣೆದಿದ್ದರು, ನಡುವೆ ಆರು ಮೂಲೆಯ ಕಣ್ಣು ಬಿಡುವ ಹೆಣಿಗೆ. ಬದಿ ಏರುತ್ತಾ ಹೋದಂತೆ ಸೀಳು ಹತ್ತಿರ ಹತ್ತಿರ, ಮೇಲಿನ ಅಂಚಿಗೆ ಬಿದಿರಿನ ಕಟ್ಟನ್ನೇ ಸುತ್ತಿ ಬಿಗಿದದ್ದು. ಭಾರವೆಲ್ಲ ಆ ಅಂಚಿನ ಮೇಲೆ. ಅಂಬಿಗ ಹುಟ್ಟನ್ನು ಪಕ್ಕದಲ್ಲಿ ಹಾಕುವುದಿಲ್ಲ, ಮುಂದೆ ಬಗ್ಗಿ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ಯಾಕೆ ಅಂತ ಮಕ್ಕಳೇ ಕಂಡುಹಿಡಿಯಲಿ. ಹಾಗೇ ಊರಿನ ಹಿರಿಯರನ್ನು ಕೇಳಿ ಸೇತುವೆ ಬರುವ ಮೊದಲು ಹೊಳೆ ದಾಟುತ್ತಿದ್ದ ಕಡವು ಎಲ್ಲೆಲ್ಲಿತ್ತು ಅಂತ ನಕ್ಷೆ ಬರೆಸಿ. 2019ರ ಆಗಸ್ಟಿನಲ್ಲಿ ಕಾವೇರಿ ಉಕ್ಕಿ ನಮ್ಮ ಕರಡಿಗೋಡು, ನೆಲ್ಯಹುದಿಕೇರಿ, ನಿಮ್ಮ ಕುಶಾಲನಗರದ ಬಡಾವಣೆಗಳು ಮುಳುಗಿದಾಗ ಜನರನ್ನು ಹೊರಗೆ ತಂದದ್ದು ದೋಣಿ, ರಾಫ್ಟುಗಳೇ. ಆ ನೆನಪು ಇನ್ನೂ ಹಸಿಯಾಗಿದೆ, ಅದನ್ನೂ ಬರೆಸಿಕೊಳ್ಳಿ.

ಮಡಿಕೇರಿಯಿಂದ:
"ನಮ್ಮಜ್ಜ ಕೊಡಗಿನ ಮರ ಇಂಗ್ಲಿಷರ ಹಡಗಿಗೆ ಹೋಗುತ್ತಿತ್ತು ಅನ್ನುತ್ತಿದ್ದರು. ನಿಜವಾ, ಬರೀ ಬಡಾಯಿಯಾ?"

ಬಡಾಯಿ ಅಲ್ಲ. ಹಡಗಿಗೆ ಎಲ್ಲಕ್ಕಿಂತ ಕಷ್ಟದಲ್ಲಿ ಸಿಗುವ ಮರ ಯಾವುದು ಹೇಳಿ? ಹಲಗೆಗೆ ಮರ ಸಿಗುತ್ತದೆ. ಹಾಯಿ ಕಟ್ಟುವ ಪಟಮರಕ್ಕೆ ಬೇಕಾದದ್ದು ಗಂಟಿಲ್ಲದೆ, ಕೊಂಕಿಲ್ಲದೆ, ಒಂದೇ ಎತ್ತರಕ್ಕೆ ಹೋದ ಮರ. ಅದು ಬೆಳೆಯುವುದು ಮಳೆಕಾಡಿನ ಒತ್ತಿನಲ್ಲಿ, ಬೆಳಕಿಗಾಗಿ ಮೇಲೆ ಮೇಲೆ ಹೋಗುವಾಗ. ಇಂಗ್ಲಿಷರು ಪೂನ್ ಅನ್ನುತ್ತಿದ್ದ ಮರ ಅಂಥದ್ದು, ಅವರ 19ನೇ ಶತಮಾನದ ಬರಹಗಳಲ್ಲಿ ಕೊಡಗಿನ ಕಾಡಿನ ಜೊತೆ ಅದರ ಹೆಸರು ಬರುತ್ತದೆ. ಮಲಯಾಳದ ಪುನ್ನ, ನಮ್ಮ ಹೊನ್ನೆ, ಅವರ ಬಾಯಲ್ಲಿ ಪೂನ್. ಹೊನ್ನೆ ಅಂದ ಕೂಡಲೇ ಕಡಿದರೆ ರಕ್ತದ ಹಾಗೆ ಅಂಟು ಬರುವ ಮರ ಅಂದುಕೊಳ್ಳಬೇಡಿ. ಅದು ಬೇರೆ, ಇದು ಸುರಹೊನ್ನೆಯ ಜಾತಿ. ಈ ಗೊಂದಲದಿಂದ ನಾನೇ ಎರಡು ವರ್ಷ ತಪ್ಪು ಮರದ ಹಿಂದೆ ಹೋಗಿದ್ದೆ.

ಹೆಬ್ಬಲಸು ಇನ್ನೂ ಹಳೇ ಕತೆ. ಕೇರಳದ ಪಟ್ಟಣಂ ಎಂಬಲ್ಲಿ, ಹಳೇ ಮುಜಿರಿಸ್ ಬಂದರು ಅದೇ ಎನ್ನುತ್ತಾರೆ, 2007ರಲ್ಲಿ ಅಗೆದಾಗ ಕಟ್ಟೆಯ ಪಕ್ಕದ ಕೆಸರಿನಲ್ಲಿ ಸುಮಾರು 6 ಮೀಟರ್ ಉದ್ದದ ಕೊರೆದ ದೋಣಿ ಸಿಕ್ಕಿತು. ಎರಡು ಸಾವಿರ ವರ್ಷ ಹಿಂದಿನದು. ಮರ ಯಾವುದು ಅಂದರೆ ಆಂಞಿಲಿ. ನಮ್ಮ ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿಸಿಕೊಂಡು ನಿಂತಿರುವ ಹೆಬ್ಬಲಸೇ ಅದು! 1980ರಲ್ಲಿ ಟಿಮ್ ಸೆವೆರಿನ್ ಎಂಬವರು ಸಿಂದಬಾದನ ಕಾಲದ ಹಡಗನ್ನು ಓಮಾನಿನಲ್ಲಿ ಕಟ್ಟಿ ಚೀನಾಕ್ಕೆ ಹೋದರಲ್ಲ, ‘ಸೋಹಾರ್’ ಅಂತ, ಅದಕ್ಕೂ ಮಲಬಾರಿನಿಂದ ಇದೇ ಮರ ಹೋಗಿತ್ತು. ಎರಡು ಸಾವಿರ ವರ್ಷದಲ್ಲಿ ದೋಣಿ ಕಟ್ಟುವವರ ಆಯ್ಕೆ ಬದಲಾಗಲಿಲ್ಲ ನೋಡಿ. ಗೆದ್ದಲು, ಉಪ್ಪುನೀರು ಎರಡಕ್ಕೂ ಬಗ್ಗದ ಮರ.

ಒಂದು ಎಚ್ಚರಿಕೆ. ಮುಂಬೈಯಲ್ಲಿ 1817ರಲ್ಲಿ ಕಟ್ಟಿದ ‘ಟ್ರಿಂಕೋಮಲೀ’ ಎಂಬ ಯುದ್ಧನೌಕೆ ಇವತ್ತಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ ನೀರಿನ ಮೇಲಿದೆ. ಮೈಯೆಲ್ಲ ಮಲಬಾರಿನ ತೇಗ. ದಾಖಲೆ ಮಲಬಾರ್ ಅಂದರೆ ನೀವೂ ಮಲಬಾರ್ ಎಂದೇ ಬರೆಯಿರಿ. ಅಜ್ಜನ ಮೇಲಿನ ಪ್ರೀತಿಗೆ ಕೊಡಗು ಅಂತ ಸೇರಿಸಬೇಡಿ. ಮನೆಯಲ್ಲಿ ಮರ ಮಾರಿದ ಹಳೇ ರಸೀದಿ, ಕರಾರು ಏನಾದರೂ ಇದ್ದರೆ ಹುಡುಕಿ. ಆ ಒಂದು ಚೀಟಿ ಸಿಕ್ಕರೆ ಅಜ್ಜನ ಮಾತಿಗೆ ಬೇರೆಯೇ ತೂಕ.

ಸೋಮವಾರಪೇಟೆ ತಾಲ್ಲೂಕಿನಿಂದ:
"ಹೊಳೆಬದಿಯ ಗದ್ದೆಯಲ್ಲಿ ಜೆಸಿಬಿಯಿಂದ ಕೆರೆ ತೋಡಿಸುವಾಗ ಎಂಟಡಿ ಆಳದಲ್ಲಿ ಕೊರೆದ ಮರದ ದೊಡ್ಡ ತುಂಡು ಸಿಕ್ಕಿದೆ. ದೋಣಿ ಥರ ಇದೆ. ಬಿಸಿಲಿಗೆ ಒಣಗಿಸಿ ವಾರ್ನಿಷ್ ಹೊಡೆದು ಹೋಂಸ್ಟೇಯ ಮುಂದೆ ಇಡೋಣ ಅಂತ ಮಗ ಹೇಳುತ್ತಿದ್ದಾನೆ."

ದಯವಿಟ್ಟು ಬೇಡ! ಪತ್ರ ಓದಿದ ಕೂಡಲೇ ನಾನು ಸಂಪಾದಕರಿಗೆ ಫೋನ್ ಮಾಡಿ ನಿಮಗೆ ವಿಷಯ ಮುಟ್ಟಿಸಲು ಹೇಳಿದೆ. ಬೇರೆಯವರಿಗೂ ಉಪಯೋಗವಾಗಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ನೂರಾರು ವರ್ಷ ಕೆಸರಿನಲ್ಲಿದ್ದ ಮರ ನೋಡಲು ಗಟ್ಟಿ ಕಂಡರೂ ಅದಕ್ಕೆ ಬಲ ಕೊಡುವ ಅಂಶ ಬಹಳಷ್ಟು ಕರಗಿಹೋಗಿರುತ್ತದೆ. ಆ ಜಾಗದಲ್ಲಿ ನೀರು ತುಂಬಿಕೊಂಡು ಮರದ ಆಕಾರ ಹಿಡಿದಿರುತ್ತದೆ, ಅಷ್ಟೇ. ಬಿಸಿಲಿಗಿಟ್ಟರೆ ನೀರು ಹೋಗುತ್ತದೆ, ಮರ ಸುಕ್ಕಾಗಿ, ತಿರುಚಿ, ಸೀಳು ಸೀಳಾಗುತ್ತದೆ. ಒಮ್ಮೆ ಹಾಗಾದರೆ ದೇವರೇ ಬಂದರೂ ಸರಿಮಾಡಲು ಆಗಲ್ಲ. ಸ್ವೀಡನ್ನಿನ ‘ವಾಸಾ’ ಹಡಗು 1628ರಲ್ಲಿ ಮುಳುಗಿತ್ತು, 1961ರಲ್ಲಿ ಎತ್ತಿದರು. ಅದು ಒಣಗಿ ಒಡೆಯದಿರಲಿ ಎಂದು ಮೇಣದಂಥ ಒಂದು ರಾಸಾಯನಿಕವನ್ನು 17 ವರ್ಷ ಅದರ ಮೇಲೆ ಸಿಂಪಡಿಸಿದರು. ಹದಿನೇಳು ವರ್ಷ! ನೀವು ಒಂದು ವಾರದ ಬಿಸಿಲಿಗಿಡುವ ಮಾತಾಡುತ್ತಿದ್ದೀರಿ.

ಈಗಲೇ ಮಾಡಬೇಕಾದದ್ದು: ನೆರಳಿಗೆ ಸರಿಸಿ, ಒದ್ದೆ ಗೋಣಿ ಹೊದಿಸಿ, ಮೇಲೆ ಕಾಫಿ ಒಣಗಿಸುವ ಟಾರ್ಪಾಲು ಮುಚ್ಚಿ, ದಿನಕ್ಕೆ ಎರಡು ಸಲ ನೀರು ಚಿಮುಕಿಸಿ. ಅದೇ ಕೆರೆಯಲ್ಲಿ ಮುಳುಗಿಸಿಟ್ಟರೆ ಇನ್ನೂ ಒಳ್ಳೆಯದು. ಬ್ರಷ್ ಹಾಕಿ ತಿಕ್ಕಬೇಡಿ, ಬಾಚಿಯ ಏಟಿನ ಗುರುತು ಅಳಿಸಿಹೋಗುತ್ತದೆ. ವಾರ್ನಿಷ್ ಅಂತೂ ಮುಟ್ಟಲೇಬೇಡಿ. ಪೆಟ್ರೋಲಿಯಂನಿಂದ ಬಂದ ಇಂಗಾಲ ಮರಕ್ಕೆ ಸೇರಿದರೆ ಕಾರ್ಬನ್ ಪರೀಕ್ಷೆಯಲ್ಲಿ ಇಲ್ಲದ ವಯಸ್ಸು ಕಾಣುತ್ತದೆ, ನಿನ್ನೆಯ ಮರ ಮಹಾಭಾರತದ ಕಾಲದ್ದಾಗಿಬಿಡುತ್ತದೆ. ಸಿಕ್ಕ ಜಾಗದ ಫೋಟೊ, ಆಳ, ಸುತ್ತಲಿನ ಮಣ್ಣಿನ ಬಣ್ಣ ಬರೆದಿಡಿ. ಆಮೇಲೆ ಜಿಲ್ಲಾಧಿಕಾರಿ ಕಚೇರಿಗೆ ಲಿಖಿತವಾಗಿ ತಿಳಿಸಿ, ಮಡಿಕೇರಿ ಕೋಟೆಯ ಹಳೇ ಚರ್ಚಿನಲ್ಲಿರುವ ಸರ್ಕಾರಿ ಮ್ಯೂಸಿಯಂನವರಿಗೂ ಹೇಳಿ. ನೂರು ವರ್ಷ ದಾಟಿದ ವಸ್ತು 1972ರ ಕಾಯ್ದೆಯಲ್ಲಿ ಪ್ರಾಚ್ಯವಸ್ತು, ಹೋಂಸ್ಟೇಯ ಅಲಂಕಾರವಲ್ಲ. ಗದ್ದೆ ಕಿತ್ತುಕೊಳ್ಳುತ್ತಾರೆ ಅಂತ ಹೆದರಬೇಡಿ.

ಇನ್ನೊಂದು ಸಾಧ್ಯತೆಗೂ ಮನಸ್ಸು ತಯಾರಿರಲಿ. ಕನ್ನಡದಲ್ಲಿ ದೋಣಿ ಅಂದರೆ ದನಕ್ಕೆ ನೀರಿಡುವ ಮರದ ತೊಟ್ಟಿಯೂ ಹೌದು ಅಲ್ವಾ? ಕೊರೆದ ಮರ ಎಲ್ಲ ನೀರಿನ ಮೇಲೆ ಹೋದದ್ದಲ್ಲ. ತೊಟ್ಟಿಯಾದರೆ ಹೊರಮೈ ಒರಟಾಗಿ ಬಿಟ್ಟಿರುತ್ತಾರೆ, ತುದಿ ಮೊಂಡು. ದೋಣಿಯಾದರೆ ಹೊರಮೈಯನ್ನೂ ಕೆತ್ತಿ ನಯ ಮಾಡಿರುತ್ತಾರೆ, ತುದಿ ಕೆಳಗಿನಿಂದ ಮೇಲಕ್ಕೆ ಏರಿರುತ್ತದೆ. ಕೈಯಾಡಿಸಿ ನೋಡಿ. ತೊಟ್ಟಿಯೇ ಆದರೂ ಬಿಸಾಡಬೇಡಿ.

ಶನಿವಾರಸಂತೆಯಿಂದ:
"ನ್ಯಾವಿಗೇಶನ್ ಎಂಬ ಇಂಗ್ಲಿಷ್ ಪದ ಸಂಸ್ಕೃತದ ‘ನವಗತಿ’ಯಿಂದ ಬಂದದ್ದು ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ಸರಿಯಾ?"

ಸರಿಯಲ್ಲ. ಅದು ಲ್ಯಾಟಿನ್ನಿನಿಂದ ಬಂದ ಪದ. ಲ್ಯಾಟಿನ್ನಿನ ನಾವಿಸ್, ಸಂಸ್ಕೃತದ ನೌ ಎರಡೂ ಒಂದೇ ಬೇರಿನ ಕೊಂಬೆಗಳು ಅನ್ನುವುದು ನಿಜ. ಅಷ್ಟೇ ಸಾಕಷ್ಟು ಚೆಂದ, ಅದಕ್ಕೆ ಮಸಾಲೆ ಯಾಕೆ? ನಿಮಗೆ ಪದದ ರುಚಿ ಇದ್ದರೆ ಇದನ್ನು ತೆಗೆದುಕೊಳ್ಳಿ. 1ನೇ ಶತಮಾನದಲ್ಲಿ ಗ್ರೀಕಿನಲ್ಲಿ ಬರೆದ, ನಮ್ಮ ಪಶ್ಚಿಮ ಕರಾವಳಿಯ ಬಂದರುಗಳನ್ನೆಲ್ಲ ಹೆಸರಿಸುವ ‘ಪೆರಿಪ್ಲಸ್’ ಎಂಬ ಬರಹವಿದೆ. ಅದರಲ್ಲಿ ಒಂಟಿ ಮರದ ದೋಣಿಗಳನ್ನು ಜೋಡಿಸಿ ಕಟ್ಟಿದ ದೊಡ್ಡ ದೋಣಿಗೆ ‘ಸಂಗರ’ ಎಂಬ ಹೆಸರು ಬರುತ್ತದೆ. ಮಲಯಾಳದಲ್ಲಿ ಇಂಥ ಜೋಡುದೋಣಿ, ತೆಪ್ಪಕ್ಕೆ ಚಂಗಾಡ ಅನ್ನುತ್ತಾರೆ. ಪೋರ್ಚುಗೀಸರ ಬಾಯಲ್ಲಿ ಜಂಗಾಡ. ಕೇರಳದ ಹಿನ್ನೀರಿನಲ್ಲಿ ಕಾರು ಬೈಕು ದಾಟಿಸುವ ಜಂಕಾರ್ ಹತ್ತಿದ್ದೀರಾ? ಈ ಎಲ್ಲ ಪದಗಳು ನೆಂಟರು ಅಂತ ಬಲ್ಲವರು ಬಹಳ ಹಿಂದೆಯೇ ಹೇಳಿದ್ದಾರೆ. ಇದನ್ನು ಫಾರ್ವರ್ಡ್ ಮಾಡಿ ಬೇಕಾದರೆ.

ಗೋಣಿಕೊಪ್ಪಲಿನಿಂದ:
"ಸ್ವಂತವಾಗಿ ಮಾಡಿದ ಸಂಶೋಧನೆಯನ್ನು ಯಾರಾದರೂ ಕದ್ದರೆ? ನಮ್ಮಂಥವರ ಹೆಸರು ಎಲ್ಲೂ ಬರಲ್ಲ ಅಲ್ವಾ?"

ಬರಲ್ಲ ಅನ್ನುವಂತಿಲ್ಲ, ಆದರೆ ಕದಿಯುತ್ತಾರೆ. ಒಂದು ಸಂಸ್ಥೆಯವರು ನನ್ನ ಅಳತೆ ಪುಸ್ತಕವನ್ನು ನೋಡಿ ಕೊಡುತ್ತೇವೆ ಎಂದು ತೆಗೆದುಕೊಂಡು ಹೋದರು. ಪುಸ್ತಕ ವಾಪಸ್ ಬಂತು. ಮರುವರ್ಷ ಅವರ ಪ್ರದರ್ಶನಕ್ಕೆ ಹೋದರೆ ಗೋಡೆಯ ಮೇಲೆ ನನ್ನದೇ ನಕ್ಷೆ, ಕೆಳಗೆ ಬೇರೆ ಹೆಸರು. ನನ್ನದೇ ಎಂದು ಹೇಗೆ ಗೊತ್ತಾಯಿತು ಅಂದರೆ, ಆ ದೋಣಿಯ ಒಳಗೆ ಪಕ್ಕೆಲುಬಿನ ಹಾಗೆ ಕೂರಿಸಿದ ಅಡ್ಡಮರ ಹನ್ನೆರಡಿತ್ತು, ನಾನು ಎಣಿಸುವಾಗ ತಪ್ಪಿ ಹನ್ನೊಂದು ಬರೆದಿದ್ದೆ. ಗೋಡೆಯ ಮೇಲೂ ಹನ್ನೊಂದೇ! ಸಿಟ್ಟು ಬಂತು, ಆಮೇಲೆ ನಗು ಬಂತು. ಈಗ ಪ್ರತಿ ಪುಟಕ್ಕೂ ತಾರೀಖು, ಸಹಿ ಹಾಕುತ್ತೇನೆ, ಮೊಬೈಲಿನಲ್ಲಿ ಫೋಟೊ ತೆಗೆದು ನನಗೇ ಇಮೇಲ್ ಮಾಡಿಕೊಳ್ಳುತ್ತೇನೆ, ಮೂಲ ಪುಸ್ತಕ ಯಾರಿಗೂ ಕೊಡಲ್ಲ. ಕೆಲಸ ಪೂರ್ತಿಯಾಗಲಿ ಎಂದು ಕಾಯದೆ ಸಣ್ಣಸಣ್ಣದಾಗಿ ಅಚ್ಚು ಹಾಕಿಸಿ. ಒಂದು ದೋಣಿ, ನಾಲ್ಕು ಪುಟ, ಸಾಕು. ಅದರಲ್ಲಿ ಮೇಸ್ತ್ರಿಯ ಹೆಸರನ್ನು ಅವರನ್ನು ಕೇಳಿಕೊಂಡು ಮೊದಲು ಹಾಕಿ. ನಮ್ಮಿಂದ ಅವರು ಕದ್ದರು ಅಂತ ಕೂಗುವ ನಾವು ಮೇಸ್ತ್ರಿಯಿಂದ ಏನು ತಂದೆವು ಅಂತಲೂ ನೋಡಿಕೊಳ್ಳಬೇಕಲ್ಲ.

ಪೊನ್ನಂಪೇಟೆಯಿಂದ:
"ಮೊಳೆ ಇಲ್ಲದೆ ಹಗ್ಗದಲ್ಲಿ ಹೊಲಿದ ಹಡಗು ಅಂತ ಹೋದ ತಿಂಗಳು ಬರೆದಿದ್ದಿರಿ. ಅಷ್ಟು ತೂತು ಇದ್ದರೆ ನೀರು ನುಗ್ಗಲ್ವಾ? ನಂಬಲು ಕಷ್ಟ."

ನನಗೂ ನಂಬಿಕೆ ಇರಲಿಲ್ಲ. ಕ್ರಮ ಹೀಗೆ. ಹಲಗೆಯ ಅಂಚಿಗೆ ಅಂಚು ತಾಗಿಸಿ ನಿಲ್ಲಿಸುತ್ತಾರೆ. ಎರಡೂ ಅಂಚಿನ ಪಕ್ಕ ಸಾಲಾಗಿ ಬೈರಿಗೆಯಲ್ಲಿ ತೂತು. ಸಂದಿಯ ಉದ್ದಕ್ಕೂ ತೆಂಗಿನ ನಾರಿನ ಸುರುಳಿ ಇಟ್ಟು, ಅದರ ಮೇಲಿಂದ ಕತ್ತದ ಹಗ್ಗವನ್ನು ತೂತಿನಿಂದ ತೂತಿಗೆ ಎಳೆದು, ಒಳಗಿನಿಂದ ಒಬ್ಬ, ಹೊರಗಿನಿಂದ ಒಬ್ಬ, ಜಗ್ಗಿ ಬಿಗಿಯುತ್ತಾರೆ. ನಾರು ಸಂದಿಗೆ ಒತ್ತಿಕೊಳ್ಳುತ್ತದೆ. ಆಮೇಲೆ ತೂತಿಗೆ ನಾರು ತುರುಕಿ, ರಾಳ ಎಣ್ಣೆ ಕಲಸಿದ ಮೇಣ ಮೆತ್ತಿ, ಮೈಗೆ ಮೀನೆಣ್ಣೆ ಹಚ್ಚುತ್ತಾರೆ. ಮೊದಲು ಹೀಗೆ ಹಲಗೆಯ ಚಿಪ್ಪು ಏಳುತ್ತದೆ, ಒಳಗಿನ ಪಕ್ಕೆಮರ ಆಮೇಲೆ ಬರುತ್ತದೆ. ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹೊಲಿದದ್ದು ಬಳುಕಿ ತಡೆದುಕೊಳ್ಳುತ್ತದೆ ಅಂತ 14ನೇ ಶತಮಾನದಲ್ಲಿ ನಮ್ಮ ಹೊನ್ನಾವರದ ಮೇಲೆ ಹಾದುಹೋದ ಇಬ್ನ್ ಬತೂತ ಹೇಳಿದ್ದಾನೆ. ಕೇರಳದ ಕೆಟ್ಟುವಳ್ಳಂ ಅಂದರೂ ಇದೇ, ಕೆಟ್ಟು ಅಂದರೆ ನಮ್ಮ ಕಟ್ಟು.

ಈಗಿನದು ನೋಡಬೇಕಾ? 5ನೇ ಶತಮಾನದ ಅಜಂತಾ ಚಿತ್ರದ ಹಡಗನ್ನು ಆಧಾರವಾಗಿಟ್ಟುಕೊಂಡು ಕೇರಳದ ಕುಶಲಕರ್ಮಿಗಳು ಹೀಗೇ ಹೊಲಿದು ಕಟ್ಟಿದ ‘ಕೌಂಡಿನ್ಯ’ ಎಂಬ ಹಡಗನ್ನು 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿಸಿಕೊಂಡರು. ಅದರ ಹಾಯಿಯ ಮೇಲೆ ಗಂಡಭೇರುಂಡ ಇದೆ ಅನ್ನುವುದು ನಮಗೆ ಹೆಚ್ಚಿನ ಖುಷಿ. ಚಿತ್ರದಲ್ಲಿ ಹಡಗಿನ ಹೊರಮೈ ಮಾತ್ರ ಕಾಣುತ್ತದೆ, ಒಳಗಿನದು ಏನೂ ಕಾಣಲ್ಲ. ಅದನ್ನೆಲ್ಲ ತುಂಬಿದ್ದು ಹೊಲಿಗೆ ಗೊತ್ತಿದ್ದ ಕೈಗಳು, ಜೊತೆಗೆ ಎಂಜಿನಿಯರುಗಳ ಲೆಕ್ಕ.

ನಂಬಿಕೆ ಬರಲಿಲ್ಲ ಅಂದೆನಲ್ಲ, ಅದಕ್ಕೇ ಮನೆಯಲ್ಲೇ ಮಾಡಿ ನೋಡಿದೆ. ಸಿಲ್ವರ್ ಓಕಿನ ನಾಲ್ಕು ತೆಳು ಹಲಗೆ, ಎರಡಡಿ ಉದ್ದದ ಒಂದು ಚೂಪು ಮೂತಿಯ ಪುಟ್ಟ ದೋಣಿ. ಕತ್ತದ ಹಗ್ಗ ಕುಶಾಲನಗರದ ಸಂತೆಯದು, ರಾಳ ಪೂಜೆ ಸಾಮಾನಿನ ಅಂಗಡಿಯದು. ಹೊಲಿಯಲು ಒಂದು ವಾರ, ಬೆರಳ ತುದಿಯೆಲ್ಲ ಸುಲಿಯಿತು. ಬಚ್ಚಲಿನ ದೊಡ್ಡ ಟಬ್ಬಿನಲ್ಲಿ ಬಿಟ್ಟರೆ ಐದು ನಿಮಿಷಕ್ಕೆ ಅರ್ಧ ತುಂಬಿತು. ಮನೆಯವಳು ಬಾಗಿಲಲ್ಲಿ ನಿಂತು ನಕ್ಕಳು. ನೀರು ಚೆಲ್ಲಿ ಮತ್ತೆ ಬಿಟ್ಟೆ, ಮತ್ತೆ ಚೆಲ್ಲಿದೆ. ರಾತ್ರಿ ಹಾಗೇ ಬಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದಾಗ ಹಲಗೆ, ನಾರು ಎರಡೂ ನೀರು ಕುಡಿದು ಉಬ್ಬಿ ಸಂದಿ ಮುಚ್ಚಿಕೊಂಡಿತ್ತು. ಮತ್ತೆ ನೀರು ಚೆಲ್ಲಿ ಬಿಟ್ಟೆ, ಸಂಜೆಯವರೆಗೆ ಒಳಗೆ ಬಂದದ್ದು ಒಂದು ಲೋಟದಷ್ಟು. ಈಗ ಅದನ್ನು ಒಣಗಲು ಬಿಟ್ಟರೆ ಸಂದಿ ಮತ್ತೆ ಬಿಡುತ್ತದೆ. ಹಾಗಾಗಿ ಟಬ್ಬಿನಲ್ಲೇ ಇದೆ, ಮೂರು ವಾರವಾಯಿತು. ಟಬ್ಬು ಯಾವಾಗ ವಾಪಸ್ ಕೊಡುತ್ತೀರಿ ಅಂತ ಮನೆಯಲ್ಲಿ ದಿನಾ ಕೇಳುತ್ತಿದ್ದಾರೆ.